‘ಬೇಕಾ ಬ್ಯಾಡ್ವಾ’ ಡಿಸ್ಕಿಗೆ ಕಾದವರು

ನಾಲ್ಕು ತಾಲ್ಲೂಕಿನಲ್ಲಿ ಒಂದಿಷ್ಟು ಜನ ನನ್ನ ಗುರುತು ಹಿಡಿಯುತ್ತಾರೆ. ನಾನು ಮಾಡಿಕೊಟ್ಟ ಮೂಗುಬೊಟ್ಟಿನಿಂದಲೋ ಕಾಲುಂಗುರದಿಂದಲೋ ಅಲ್ಲ. ಶ್ರೀರಂಗಪಟ್ಟಣದಲ್ಲಿ ನನ್ನ ಚಿನ್ನ ಬೆಳ್ಳಿ ಕೆಲಸದ ಅಂಗಡಿ ಎಷ್ಟು ಸಣ್ಣದೆಂದರೆ, ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಬೀದಿಯಲ್ಲಿ ನಿಲ್ಲಬೇಕು. ನನ್ನ ಹೆಸರು ಹರಡಿದ್ದು ‘ಬೇಕಾ ಬ್ಯಾಡ್ವಾ’ ಅಭಿಮಾನಿಗಳ ಬಳಗದ ಕಾರ್ಯದರ್ಶಿಯಾಗಿ. ಅದು ಇನ್ನಷ್ಟು ಹರಡಿದ್ದು ಅದೇ ಬಳಗ ನನ್ನನ್ನು ದ್ರೋಹಿ ಎಂದು ಹೊರಹಾಕಿದ ಮೇಲೆ.

‘ಬೇಕಾ ಬ್ಯಾಡ್ವಾ’ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದೆ, ಕೇಬಲ್ಲು ಮನೆಮನೆಗೆ ಬಂದ ಹೊಸತರಲ್ಲಿ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕಡೆಯ ಲೋಕಲ್ ಚಾನೆಲ್ಲಿನಲ್ಲಿ ಬರುತ್ತಿದ್ದ ಅರ್ಧ ಗಂಟೆಯ ನಗೆ ಕಾರ್ಯಕ್ರಮ ಅದು. ಒಂದು ಸಲಕ್ಕೆ ಐದಾರು ತುಣುಕು. ಒಂದು ತುಣುಕಿಗೂ ಮತ್ತೊಂದಕ್ಕೂ ಸಂಬಂಧ ಇರುತ್ತಿರಲಿಲ್ಲ. ಕೆಲವು ಸಲ ಒಂದೇ ತುಣುಕಿನ ತಲೆಗೂ ಬಾಲಕ್ಕೂ ಇರುತ್ತಿರಲಿಲ್ಲ. ಅದನ್ನು ಚಿತ್ರೀಕರಿಸುತ್ತಿದ್ದವರು ಕೆ.ಆರ್. ಪೇಟೆಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿದ್ದವರೊಬ್ಬರು. ಬರೆದು, ನಟಿಸಿ, ಮಿಕ್ಕವರಿಗೆ ಹೇಳಿಕೊಡುತ್ತಿದ್ದವರು ಪಾಂಡವಪುರದ ಒಬ್ಬ ಮರಗೆಲಸದ ಆಚಾರ್ರು. ಹೆಂಗಸರ ಪಾತ್ರಗಳೆಲ್ಲ ಅವರವೇ. ಮೀಸೆ ಬೋಳಿಸಲು ಅವರು ಒಪ್ಪಲಿಲ್ಲ. ಸೆರಗನ್ನು ಮೂಗಿನ ಕೆಳಗೆ ಹಿಡಿದುಕೊಂಡೇ ಎರಡು ವರ್ಷ ಅತ್ತೆ, ಸೊಸೆ, ನರ್ಸಮ್ಮ, ಟೀಚರಮ್ಮ ಎಲ್ಲ ಆದರು. ನಮ್ಮ ಕಡೆಯ ಹೆಂಗಸರು ಅವರನ್ನು ನೋಡಿ ಸೆರಗು ಹಿಡಿಯುವುದನ್ನು ಬದಲಾಯಿಸಿಕೊಂಡರು ಎಂದು ಹೇಳುವವರಿದ್ದಾರೆ. ಅಭಿಮಾನಿಗಳು ಏನು ಬೇಕಾದರೂ ಹೇಳುತ್ತಾರೆ.

ಕ್ಯಾಸೆಟ್ಟುಗಳು ಶನಿವಾರ ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಹೊರಟು, ಕಂಡಕ್ಟರ ಕೈಯಿಂದ ಆಯಾ ಊರಿನ ಕೇಬಲ್ಲಿನವರ ಕೈ ಸೇರುತ್ತಿದ್ದವು. ನಾಗಮಂಗಲಕ್ಕೆ ಮಾತ್ರ ಬೇರೆ ಕ್ಯಾಸೆಟ್ ಇರಲಿಲ್ಲ. ನಮ್ಮ ಊರಿನಲ್ಲಿ ಹಾಕಿದ್ದೇ ಮುಂದಿನ ವಾರ ಅಲ್ಲಿಗೆ ಹೋಗುತ್ತಿತ್ತು. ಹಾಗಾಗಿ ನಾವು ನಕ್ಕು ಮುಗಿಸಿ ಒಂದು ವಾರಕ್ಕೆ ನಾಗಮಂಗಲದವರು ನಗುತ್ತಿದ್ದರು. ಆ ಒಂದು ವಾರದ ಅವಮಾನವನ್ನು ಅವರು ಇವತ್ತಿಗೂ ಮರೆತಿಲ್ಲ. ಬಳಗದಲ್ಲಿ ಎಲ್ಲರಿಗಿಂತ ಉಗ್ರ ಅಭಿಮಾನಿಗಳು ಅವರೇ.

ಆಮೇಲೆ ಮನೆಮನೆಗೆ ಸೆಟ್‌ಟಾಪ್ ಪೆಟ್ಟಿಗೆ ಬಂತು, ಇನ್ನೂರು ಚಾನೆಲ್ಲು ಬಂತು, ನಮ್ಮ ಲೋಕಲ್ ಚಾನೆಲ್ಲು ಹೋಯಿತು. ಮರುಪ್ರಸಾರ ಎಂಬುದೇ ಇರಲಿಲ್ಲ. ಒಂದು ತುಣುಕನ್ನು ನೋಡಿದವನು ಒಂದೇ ಸಲ ನೋಡಿದ್ದು. ಮಿಕ್ಕದ್ದೆಲ್ಲ ಬಾಯಿಂದ ಬಾಯಿಗೆ.

ಹಾಗೆ ಬಾಯಲ್ಲಿ ಉಳಿದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಟವೆಲಿನ ತುಣುಕು. ಹೇಮಗಿರಿಯ ದನದ ಜಾತ್ರೆಯಲ್ಲಿ ದಲ್ಲಾಳಿಗಳು ಕೈ ಮೇಲೆ ಟವೆಲು ಮುಚ್ಚಿ, ಒಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಹಾಗೆಯೇ ಹೆಣ್ಣಿನ ಮನೆಯ ಪಡಸಾಲೆಯಲ್ಲಿ ಗಂಡಿನ ವ್ಯಾಪಾರ ನಡೆಯುತ್ತದೆ. ಹೆಣ್ಣಿನ ತಾಯಿ, ಎಂದರೆ ನಮ್ಮ ಮರಗೆಲಸದ ಆಚಾರ್ರು, ಗಂಡನ್ನು ಕಾಲಿನಿಂದ ತಲೆಯವರೆಗೆ ನೋಡಿ ಹೇಳುವ ಮಾತು:

“ಅಲ್ಲೇನೋ ಚೆನ್ನಾಗವೆ ಕಣಪ್ಪ, ಮೇವು ಏಟು ತಿಂತದೆ?”

ಹಲ್ಲೇನೋ ಸರಿ, ಮೇವಿನ ಖರ್ಚೇನು ಎಂದು. ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಯಾರಾದರೂ ಹೊಸ ಬೈಕು ತಂದರೆ ಅದನ್ನು ಹೇಳಬೇಕು. ಹೊಸ ಅಧಿಕಾರಿ ಬಂದರೆ ಹೇಳಬೇಕು. ಯಾರದಾದರೂ ಅಳಿಯ ಮೊದಲ ಸಲ ಊಟಕ್ಕೆ ಕೂತರೆ ಅಂತೂ ಹೇಳಲೇಬೇಕು.

ಆರು ವರ್ಷದ ಹಿಂದೆ ಪಾಂಡವಪುರದ ಒಂದು ಮದುವೆ ಊಟದಲ್ಲಿ, ಮದುಮಗ ಎಲೆ ಮುಂದೆ ಕೂತದ್ದು ನೋಡಿ ನಾನು ನನ್ನಷ್ಟಕ್ಕೆ “ಅಲ್ಲೇನೋ ಚೆನ್ನಾಗವೆ ಕಣಪ್ಪ” ಎಂದೆ. ಪಕ್ಕದ ಎಲೆಯಲ್ಲಿ ಪಾಯಸ ಸವಿಯುತ್ತಿದ್ದ ಅಪರಿಚಿತ ಹಿರಿಯರು ಕೈ ನಿಲ್ಲಿಸಿ, ಕಣ್ಣು ಅರಳಿಸಿ, “ಮೇವು ಏಟು ತಿಂತದೆ?” ಎಂದರು. ನಾವಿಬ್ಬರೂ ಎಂಜಲು ಕೈಯಲ್ಲೇ ಅಪ್ಪಿಕೊಳ್ಳುವುದೊಂದು ಬಾಕಿ. ಅವರು ನಾಗಮಂಗಲದ ನಿವೃತ್ತ ವಿಜ್ಞಾನದ ಮೇಷ್ಟ್ರು. ಆ ಮಾತು ಟಿ.ವಿ.ಯಲ್ಲಿ ಬಂದ ಗಳಿಗೆ ಅವರಿಗೆ ಚೆನ್ನಾಗಿ ನೆನಪಿತ್ತು.

“ನಾನು ಕಾಫಿ ಕುಡೀತಿದ್ದೆ ಕಣ್ರೀ. ನಗ್ತಾ ನಗ್ತಾ ಪಂಚೆ ಮೇಲೆಲ್ಲ ಚೆಲ್ಕೊಂಬುಟ್ಟೆ. ನಮ್ಮನೇವ್ಳು ಬೈದಿದ್ದೂ ನೆನಪದೆ” ಎಂದರು.

ಹಾಗೆ ಬಳಗ ಹುಟ್ಟಿತು. ಮೇಷ್ಟ್ರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಮೊಬೈಲಿನಲ್ಲಿ ಗುಂಪು ಮಾಡಿದೆವು. ತಿಂಗಳೊಳಗೆ ನಾಲ್ಕು ತಾಲ್ಲೂಕಿನಿಂದ ಜನ ಸೇರಿದರು. ಬೆಳಿಗ್ಗೆ ಎದ್ದು ಒಬ್ಬರು ಮಾತಿನ ಮೊದಲರ್ಧ ಹಾಕುವುದು, ಮಿಕ್ಕವರೆಲ್ಲ ಎರಡನೆಯರ್ಧ ಹಾಕುವುದು. ಇದು ನಮ್ಮ ನಿತ್ಯಪೂಜೆ. ಆ ಮಾತು ಅಚ್ಚು ಹಾಕಿಸಿದ ಬನಿಯನ್ನುಗಳು ಬಂದವು. ನನ್ನದನ್ನು ನನ್ನ ಹೆಂಡತಿ ಇಸ್ತ್ರಿ ಮಾಡಿ, ಒಗೆಯುವಾಗ ಅಕ್ಷರ ಹೋಗದ ಹಾಗೆ ತಿರುಗಿಸಿ ಒಗೆಯುತ್ತಿದ್ದಳು. ಬೇರೆ ಯಾವ ಬಟ್ಟೆಗೂ ಅವಳು ಅಷ್ಟು ಜೋಪಾನ ಮಾಡಿದ್ದು ನಾನು ಕಂಡಿರಲಿಲ್ಲ. ನನ್ನ ಅಭಿಮಾನಕ್ಕೆ ಅವಳು ಕೊಟ್ಟ ಗೌರವ ಎಂದುಕೊಂಡಿದ್ದೆ.

ಮುಂದಿನ ಹೆಜ್ಜೆ ಕೆ.ಆರ್. ಪೇಟೆ. ಸ್ಟುಡಿಯೋದವರಿಗೆ ಆಗಲೇ ವಯಸ್ಸಾಗಿತ್ತು. ಮದುವೆಗಳಿಗೆ ಈಗ ಹುಡುಗರು ಡ್ರೋನು ಹಾರಿಸುವುದರಿಂದ ಅವರಿಗೆ ಕೆಲಸವೂ ಕಮ್ಮಿ. ಟ್ರಂಕಿನಲ್ಲಿ ಅಷ್ಟೂ ಟೇಪುಗಳು ಇವೆ ಎಂದು ಅವರು ಹೇಳಿದಾಗ ಮೇಷ್ಟ್ರು ಚಪ್ಪಲಿ ಬಿಟ್ಟು ಟ್ರಂಕು ಮುಟ್ಟಿ ಕಣ್ಣಿಗೊತ್ತಿಕೊಂಡರು. ಬೂಷ್ಟು ಒರೆಸಿ, ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ ಡಿಸ್ಕು ಮಾಡಿಕೊಡುತ್ತೇನೆ, ಯುಗಾದಿಗೆ ರೆಡಿ ಎಂದರು ಸ್ಟುಡಿಯೋದವರು.

ಯುಗಾದಿ ಬಂತು. “ಮಿಷನ್ನು ಕೆಟ್ಟದೆ, ಗೌರಿ ಹಬ್ಬಕ್ಕೆ ಗ್ಯಾರಂಟಿ” ಎಂದರು. ಗೌರಿ ಹಬ್ಬಕ್ಕೆ ಮಿಷನ್ನು ರಿಪೇರಿಯಾಗಿತ್ತು, ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಸಂಕ್ರಾಂತಿಗೆ ಕಣ್ಣು ಸರಿಹೋಗಿ, ಮತ್ತೆ ಮಿಷನ್ನು ಕೆಟ್ಟಿತು. ಹೀಗೆ ನಮ್ಮ ಬಳಗಕ್ಕೆ ಹಬ್ಬಗಳೆಂದರೆ ಡಿಸ್ಕು ಬರದ ದಿನಗಳು ಎಂದಾಯಿತು.

ಕಾಯುವುದರಲ್ಲಿ ಒಂದು ಸುಖ ಇದೆ ಎಂದು ನಾನು ಆಗ ಒಪ್ಪುತ್ತಿರಲಿಲ್ಲ. ಈಗ ನೋಡಿದರೆ ನಮ್ಮ ಅತ್ಯುತ್ತಮ ಜಗಳಗಳು ನಡೆದದ್ದು ಆಗಲೇ. ಮೊದಲ ಜಗಳ ಡಿಸ್ಕೋ ಪೆನ್‌ಡ್ರೈವೋ ಎಂದು. ಡಿಸ್ಕೇ ಬೇಕು, ಪೆಟ್ಟಿಗೆಯಲ್ಲಿ ಬರಬೇಕು, ಕಪಾಟಿನಲ್ಲಿ ಇಟ್ಟರೆ ಬೆನ್ನಿನ ಮೇಲೆ ಹೆಸರು ಕಾಣಬೇಕು ಎಂದು ಮೇಷ್ಟ್ರ ಬಣ. ಡಿಸ್ಕು ಹಾಕುವ ಪ್ಲೇಯರು ಯಾರ ಮನೆಯಲ್ಲಿದೆ ಎಂದು ಇನ್ನೊಂದು ಬಣ. ಹುಡುಕಿದಾಗ ಇಡೀ ಬಳಗದಲ್ಲಿ ಸಿಕ್ಕಿದ್ದು ಎರಡು ಪ್ಲೇಯರು. ಒಂದು ದೇವರ ಮನೆಯಲ್ಲಿ ದೀಪದ ಕೆಳಗೆ ಪೀಠವಾಗಿತ್ತು, ಒಳಗೆ ಎಣ್ಣೆ ಇಳಿದಿತ್ತು. ಇನ್ನೊಂದು ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದರೆ ಮಾತ್ರ ಓಡುತ್ತಿತ್ತು.

ಅರಕೆರೆಯ ಒಬ್ಬರು, “ಇಷ್ಟೆಲ್ಲ ಯಾಕೆ, ಇಂಟರ್ನೆಟ್ಟಿಗೆ ಹಾಕ್ಬುಟ್ರೆ ಎಲ್ರೂ ನೋಡ್ತಾರಲ್ಲ” ಎಂದು ಬರೆದರು.

“ಎಲ್ಲರೂ ನೋಡಿದರೆ ಅಭಿಮಾನಿ ಯಾರು?” ಎಂದು ಮೇಷ್ಟ್ರು ಉತ್ತರಿಸಿದರು. ಅರಕೆರೆಯವರು ಕ್ಷಮೆ ಕೇಳಿದರು.

ಕೊನೆಗೊಂದು ದಿನ ಡಿಸ್ಕು ನಿಜವಾಗಿಯೂ ತಯಾರಾಯಿತು. ಬಿಡುಗಡೆ ಸಮಾರಂಭ ಶ್ರೀರಂಗಪಟ್ಟಣದ ಒಂದು ಶಾಲೆಯ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಾಗಮಂಗಲದವರು ಒಂದು ವ್ಯಾನು ಮಾಡಿಕೊಂಡು ಏಳೂವರೆಗೇ ಬಂದು ಮೊದಲ ಸಾಲು ಹಿಡಿದರು. ಈ ಸಲ ಯಾರೂ ಅವರಿಗಿಂತ ಮುಂಚೆ ನಗಬಾರದಿತ್ತು.

ಮುಖ್ಯ ಅತಿಥಿಯಾಗಿ ಬಂದ ಮಾಜಿ ಜನಪ್ರತಿನಿಧಿಗಳು ‘ಬೇಕಾ ಬ್ಯಾಡ್ವಾ’ ಒಂದು ಪುಸ್ತಕ ಎಂದುಕೊಂಡು, ಓದುವ ಅಭ್ಯಾಸ ಕಮ್ಮಿಯಾಗುತ್ತಿರುವ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮರಗೆಲಸದ ಆಚಾರ್ರನ್ನು ಅವರ ಪಕ್ಕ ಕೂರಿಸಿ, ಮೈಸೂರು ಪೇಟ ಇಟ್ಟು, ಹಾರ ಹಾಕಿದ್ದೆವು. ಎಪ್ಪತ್ತು ದಾಟಿದ ಅವರು ಪೇಟ ಬೀಳದ ಹಾಗೆ ಕತ್ತು ನೆಟ್ಟಗಿಟ್ಟುಕೊಂಡು, ವೇದಿಕೆಯ ಮೇಜಿನ ಕಾಲು ಅಲುಗಾಡುವುದನ್ನೇ ಬೆರಳಿಂದ ಪರೀಕ್ಷಿಸುತ್ತಿದ್ದರು.

ಕಡೆಗೆ ಪರದೆ ಬೆಳಗಿತು. ಪ್ಲೇಯರಿನ ಮುಚ್ಚಳ ಒತ್ತಿ ಹಿಡಿಯುವ ಗೌರವವನ್ನು ಮೇಷ್ಟ್ರು ಯಾರಿಗೂ ಬಿಟ್ಟುಕೊಡಲಿಲ್ಲ. ಮೊದಲ ತುಣುಕಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಯ ಸಾಲಿನಲ್ಲಿ ನಿಂತವನಿಗೆ ಅಲ್ಲೇ ಮದುವೆಯಾಗಿ ಮಗುವಾಗುತ್ತದೆ. ಜನ ನಕ್ಕರು. ಆದರೆ ಅದು ಮುಂದೆ ಬರುವುದಕ್ಕಾಗಿ ಗಂಟಲು ಸರಿಮಾಡಿಕೊಳ್ಳುವ ನಗು. ಟವೆಲು ಕಾಣಿಸಿತು. ದಲ್ಲಾಳಿ ಬೆರಳು ಹಿಡಿದ. ಹೆಣ್ಣಿನ ತಾಯಿ ಸೆರಗಿನ ಹಿಂದಿನಿಂದ ಗಂಡನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ನಾವೆಲ್ಲ ತುಟಿ ಅಲ್ಲಾಡಿಸಲು ಸಿದ್ಧರಾದೆವು.

ಹೆಣ್ಣಿನ ತಾಯಿ ಒಂದು ನಿಟ್ಟುಸಿರು ಬಿಟ್ಟು ಒಳಗೆ ಹೋದರು. ತುಣುಕು ಮುಗಿಯಿತು. ಮುಂದಿನದು ಶುರುವಾಯಿತು.

ಸ್ವಲ್ಪ ಹೊತ್ತು ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಮೊದಲ ಸಾಲಿನಿಂದ ಕೂಗು ಎದ್ದಿತು.

“ಕಟ್ ಮಾಡವ್ರೆ! ಅಸಲಿ ಮಾತ್ನೇ ಕಟ್ ಮಾಡ್ಬುಟ್ಟವ್ರೆ!”

ಮೇಷ್ಟ್ರು ಮುಚ್ಚಳದಿಂದ ಕೈ ತೆಗೆದರು. ಪರದೆ ಕಪ್ಪಾಯಿತು. ಸ್ಟುಡಿಯೋದವರು ಎದ್ದು ನಿಂತು, “ದೇವ್ರಾಣೆಗೂ ಒಂದು ಕೂದ್ಲೂ ಕಟ್ ಮಾಡಿಲ್ಲ ಕಣ್ರಪ್ಪ. ಟೇಪಲ್ಲಿ ಏನದೋ ಅದೇ ಡಿಸ್ಕಲ್ಲೂ ಅದೆ” ಎಂದರು. ಯಾರೂ ಕೇಳಲಿಲ್ಲ. ಗಂಡಿನ ಕಡೆಯವರ ಒತ್ತಡ ಎಂದು ಒಬ್ಬರು, ದನದ ದಲ್ಲಾಳಿಗಳ ಕೈವಾಡ ಎಂದು ಇನ್ನೊಬ್ಬರು. ಮುಖ್ಯ ಅತಿಥಿಗಳು ಏನೂ ಅರ್ಥವಾಗದೆ, ಇದನ್ನು ನಾನು ಮೇಲಿನವರ ಗಮನಕ್ಕೆ ತರುತ್ತೇನೆ ಎಂದು ಹೇಳಿ ಕಾರು ಹತ್ತಿದರು.

ಆಗ ಮರಗೆಲಸದ ಆಚಾರ್ರು ಪೇಟ ತೆಗೆದು ಮೇಜಿನ ಮೇಲಿಟ್ಟು, ಮೆಲ್ಲಗೆ ಹೇಳಿದರು. “ನಾನು ಅಂಗಂದೇ ಇಲ್ವಲ್ರಪ್ಪ.”

“ನಿಮ್ಗೆ ಮರ್ತೋಗದೆ ಆಚಾರ್ರೇ” ಎಂದರು ಮೇಷ್ಟ್ರು. “ನಾನು ಈ ಕಿವಿಲಿ ಕೇಳಿವ್ನಿ. ಕಾಫಿ ಚೆಲ್ಕೊಂಡಿವ್ನಿ.”

“ಬರ್ದೋನು ನಾನು ಕಣ್ರೀ.”

“ಬರ್ದೋರ್ಗೆ ಎಲ್ಲಾ ನೆನಪಿರ್ತದಾ? ನೋಡ್ದೋರ್ಗೆ ನೆನಪಿರ್ತದೆ!”

ಸಭೆ ಚಪ್ಪಾಳೆ ತಟ್ಟಿತು. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು, ನಾನೂ ತಟ್ಟಿದೆ. ತನ್ನ ಮಾತನ್ನು ತಾನೇ ಮರೆತ ಮುದುಕರನ್ನು ನೋಡಿ ನನಗೂ ಸಿಟ್ಟು ಬಂದಿತ್ತು. ಅವರು ಹಾರವನ್ನು ಮಡಿಸಿ ಚೀಲದಲ್ಲಿ ಹಾಕಿಕೊಂಡು, ಪಾಂಡವಪುರದ ಬಸ್ಸು ಹಿಡಿಯಲು ಒಬ್ಬರೇ ನಡೆದು ಹೋದರು.

ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂರದೆ ಗೋಡೆಗೆ ಒರಗಿದೆ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು.

“ಯಾಕ್ರೀ, ಮೊಕ ಇಂಗ್ ಮಾಡ್ಕೊಂಡಿದ್ದೀರಿ? ಡಿಸ್ಕು ಬರ್ನಿಲ್ವಾ?”

ಬಂತು, ಮಾತು ಬರಲಿಲ್ಲ ಎಂದು ಎಲ್ಲ ಹೇಳಿದೆ. ಅವಳು ಸೊಪ್ಪಿನ ಕಡ್ಡಿ ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

“ಟಿ.ವಿ.ಲಿ ಎಂಗ್ ಬಂದಾತು? ಅದು ನಮ್ಮಜ್ಜಿ ಅಂದಿದ್ದಲ್ವಾ?”

ನನಗೆ ತಲೆ ಓಡಲಿಲ್ಲ. ಅವಳೇ ಬಿಡಿಸಿ ಹೇಳಿದಳು. ನಾನು ಅವಳನ್ನು ನೋಡಲು ಅರಕೆರೆಗೆ ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ನಡುಮನೆಯಲ್ಲಿ ಟಿ.ವಿ. ಹಾಕಿತ್ತು, ಅದರ ಪಕ್ಕದಲ್ಲಿ ಅವಳ ಅಜ್ಜಿ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಉಪ್ಪಿಟ್ಟಿನ ತಟ್ಟೆ ಹಿಡಿದ ನಾನು ನಾಚಿಕೆಗೆ ನೆಲ ಬಿಟ್ಟು ಬೇರೇನೂ ನೋಡಿರಲಿಲ್ಲ. ಟವೆಲಿನ ತುಣುಕು ಬರುತ್ತಿತ್ತು. ಅದನ್ನು ನೋಡಿದ ಅಜ್ಜಿ ನನ್ನ ಕುರಿತು ಆ ಮಾತು ಆಡಿದರು. ಒಳಗಿನ ಹೆಂಗಸರೆಲ್ಲ ನಕ್ಕರು. ನನ್ನ ಕಿವಿಗೆ ಅದು ಬಂದದ್ದು ಟಿ.ವಿ.ಯ ದಿಕ್ಕಿನಿಂದ.

ಹೆಣ್ಣು ನೋಡಿ ಬಂದ ಮಾರನೆಯ ದಿನ ಅಂಗಡಿಯಲ್ಲಿ ಕೂತು ಅದನ್ನು ಬಂದವರಿಗೆಲ್ಲ ಹೇಳಿದವನು ನಾನೇ. ಇಡೀ ಊರಿಗೆ ಹೇಳಿದೆ. ನಾಗಮಂಗಲದಲ್ಲಿ ಆ ತುಣುಕು ಬಂದದ್ದು ಮುಂದಿನ ವಾರ. ಅಷ್ಟರಲ್ಲಿ ಮಾತು ಬಸ್ಸು ಹತ್ತಿ ಅಲ್ಲಿಗೆ ತಲುಪಿತ್ತು. ಮೇಷ್ಟ್ರು ಕಾಫಿ ಚೆಲ್ಲಿಕೊಳ್ಳಲು ಮೊದಲೇ ತಯಾರಾಗಿದ್ದರು.

“ಮತ್ತೆ ಇಷ್ಟು ವರ್ಸ ಯಾಕೆ ಹೇಳಲಿಲ್ಲ ನೀನು?” ಎಂದೆ.

“ನೀವು ಆ ಮಾತು ಅಂದಾಗೆಲ್ಲ ನಮ್ಮಜ್ಜಿನ ನೆನಸ್ಕೋತಿದ್ದೀರಿ ಅಂದ್ಕೊಂಡಿದ್ದೆ ಕಣ್ರೀ” ಎಂದಳು. “ಬನೀನ್ ಮೇಲೆ ಅಚ್ಚಾಕ್ಸ್ಕೊಂಡು ಬಂದಾಗ, ನಮ್ಮೆಜಮಾನ್ರಿಗೆ ನಮ್ಮಜ್ಜಿ ಮೇಲೆ ಎಂಥ ಪ್ರೀತಿ ಅಂತ ಅರಕೆರೆಲಿ ಮನೆಮನೆಗೂ ಹೇಳ್ಕೊಂಡು ಬಂದಿವ್ನಿ. ನೀವು ಟಿ.ವಿ.ಯೋರ್ದು ಅಂತ ತಿಳ್ಕೊಂಡಿದ್ರಾ?”

ಅವಳು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ನನಗೆ ಸಾರು ಬಡಿಸಿದ್ದು ಸೌಟಿನ ಸದ್ದು ಮಾತ್ರ. ಇಪ್ಪತ್ತು ವರ್ಷ ಅಜ್ಜಿಯನ್ನು ನಾನು ಸ್ಮರಿಸುತ್ತಿದ್ದೇನೆಂದು ನಂಬಿದ್ದವಳು, ಆ ಇಪ್ಪತ್ತು ವರ್ಷವನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡಿದ್ದಳು. ನಾನು ಕಳೆದುಕೊಂಡದ್ದು ಒಂದು ನಗೆ ಮಾತು. ತೂಕ ಮಾಡುವ ಕಸುಬಿನವನಿಗೆ ಯಾವುದು ಭಾರ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಗುಂಪಿಗೆ ನನ್ನ ದನಿಯಲ್ಲೇ ಮಾತಾಡಿ ಕಳಿಸಿದೆ. ತಪ್ಪು ನನ್ನದು, ಮಾತು ನನ್ನ ಹೆಂಡತಿಯ ಅಜ್ಜಿಯದು, ಸ್ಟುಡಿಯೋದವರೂ ಆಚಾರ್ರೂ ನಿರಪರಾಧಿಗಳು, ಅವರ ಕ್ಷಮೆ ಕೇಳೋಣ ಎಂದೆ. ಜನ ನಗುತ್ತಾರೆ, ನನ್ನನ್ನು ಒಂದಿಷ್ಟು ಆಡಿಕೊಂಡು ಮರೆಯುತ್ತಾರೆ ಎಂದು ನನ್ನ ಅಂದಾಜು. ನಗೆ ಕಾರ್ಯಕ್ರಮದ ಅಭಿಮಾನಿಗಳು ತಾನೆ.

ಯಾರೂ ನಗಲಿಲ್ಲ. “ಸ್ಟುಡಿಯೋದೋರ್ ಕಡೀಕ್ ಸೇರ್ಕೊಂಬುಟ್ಟವ್ನೆ” ಎಂದು ಒಬ್ಬರು. ಅಂಥ ಅಜ್ಜಿ ಇದ್ದರು ಎನ್ನುವುದಕ್ಕೆ ದಾಖಲೆ ಏನು ಎಂದು ಇನ್ನೊಬ್ಬರು. ನಾನು ಅಜ್ಜಿಯ ಫೋಟೋ ಹಾಕಿದೆ. ಈ ಮುಖದವರು ಅಂಥ ಮಾತು ಆಡುವ ಹಾಗೆ ಕಾಣುವುದಿಲ್ಲ ಎಂದು ಮೂರು ಜನ ಬರೆದರು. ಕೊನೆಗೆ ಮೇಷ್ಟ್ರು ಬರೆದರು: ಕಾರ್ಯದರ್ಶಿಗಳ ಸೇವೆಯನ್ನು ಬಳಗ ಎಂದಿಗೂ ಮರೆಯುವುದಿಲ್ಲ. ಅದನ್ನು ಓದಿ ಕೃತಜ್ಞತೆ ಬರೆಯುವಷ್ಟರಲ್ಲಿ ನನ್ನನ್ನು ಗುಂಪಿನಿಂದ ತೆಗೆದಿದ್ದರು.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಕಾಲುಂಗುರಕ್ಕೆ ಬೆಸುಗೆ ಹಾಕುತ್ತಿದ್ದಾಗ ಅಂಗಡಿಯ ಬೆಳಕು ತಡೆದು ಯಾರೋ ನಿಂತರು. ಪಾಂಡವಪುರದ ಮರಗೆಲಸದ ಆಚಾರ್ರು. ನಾನು ಎದ್ದು ನಿಂತು, ಅವತ್ತಿನ ಸಭೆಯ ಬಗ್ಗೆ ಏನೋ ತೊದಲಿದೆ. ಅವರು ಕೈಬೀಸಿ ತಳ್ಳಿಹಾಕಿದರು.

“ಅದಿರ್ಲಿ ಬುಡಪ್ಪ. ಮನೇಲಿ ನಿಮ್ಮೆಂಡ್ರು ಅವ್ರಾ? ಅವ್ರ ತಾವ ಒಂದು ಮಾತು ಕೇಳ್ಬೇಕು.”

ಮನೆಗೆ ಕರೆದೊಯ್ದೆ. ಅವರು ಚಾಪೆಯ ಮೇಲೆ ಕೂತು, ನೀರು ಕುಡಿದು, ನನ್ನ ಹೆಂಡತಿಗೆ ವಿಷಯ ಹೇಳಿದರು. ಬಳಗದವರು ಮಾತು ಸೇರಿಸಿ ಎರಡನೆಯ ಸಲ ಡಿಸ್ಕು ಮಾಡಬೇಕೆಂದು ಸ್ಟುಡಿಯೋದವರನ್ನು ಬೀದಿಯಲ್ಲಿ ತಿರುಗಾಡದ ಹಾಗೆ ಮಾಡಿದ್ದರು. ಆ ಮಾತನ್ನು ಕ್ಯಾಮೆರಾ ಮುಂದೆ ಹೇಳಿ ಎಂದು ಸ್ಟುಡಿಯೋದವರು ಆಚಾರ್ರ ಕಾಲು ಹಿಡಿದಿದ್ದರು. ಇವರು ಎರಡು ಸಲ ಆಗುವುದಿಲ್ಲ ಎಂದಿದ್ದರು. ಆಮೇಲೆ ಯಾರೋ ನನ್ನ ದನಿಯ ಸಂದೇಶ ಕೇಳಿಸಿದ್ದರು.

“ಮಾತು ನಂದಲ್ಲ ಕಣವ್ವ. ನಂದಲ್ಲದ್ದ ನಂದು ಅಂತ ಎಂಗೆ ಹೇಳಾದು? ಆದ್ರೆ ಒಂದು ದಿಟ ಹೇಳ್ತೀನಿ. ನಾನ್ ಬರ್ದಿದ್ದಕ್ಕಿಂತ ಚೆನ್ನಾಗದೆ. ನಾನು ಅವ್ಳ ಕೈಲಿ ನಿಟ್ಟುಸ್ರು ಬುಡ್ಸಿದ್ದೆ. ಮಾತು ತೋಚ್ನಿಲ್ಲ ಅವತ್ತು. ನಿಮ್ಮಜ್ಜಿಗೆ ಕೂತ್ಕಡೇಲೆ ತೋಚ್ತು. ನೀನು ಊಂ ಅಂದ್ರೆ ಹೇಳ್ತೀನಿ. ಬ್ಯಾಡ ಅಂದ್ರೆ ಇಲ್ಲ.”

ನನ್ನ ಹೆಂಡತಿ ನೀರಿನ ಖಾಲಿ ಲೋಟ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ, “ಹೇಳಿ. ಆದ್ರೆ ನಮ್ಮಜ್ಜಿ ಅಂಗೆ ನಗ್ತಾ ಹೇಳ್ನಿಲ್ಲ” ಎಂದಳು.

“ಎಂಗೇಳಿದ್ರು, ತೋರ್ಸವ್ವ.”

ಅವಳು ಎಲೆಯಡಿಕೆ ತಟ್ಟೆ ತಂದು ಕೂತಳು. ಎಲೆಯ ತೊಟ್ಟು ಮುರಿದು, ಬೆರಳ ತುದಿಯಲ್ಲಿ ಸುಣ್ಣ ತೆಗೆದು, ಅದನ್ನು ಸವರುವ ಮೊದಲು ಒಂದು ಗಳಿಗೆ ತಡೆದು, ನನ್ನ ಮುಖದ ಕಡೆಗಲ್ಲ, ನನ್ನ ಹಿಂದಿನ ಗೋಡೆಗೆ ಆ ಮಾತು ಹೇಳಿದಳು. ದನಿಯಲ್ಲಿ ನಗು ಇರಲಿಲ್ಲ. ನಿಜವಾಗಿಯೂ ಲೆಕ್ಕ ಬೇಕಾದವರ ದನಿ ಅದು. ಆಚಾರ್ರು ಒಂದೇ ಉಸಿರಿಗೆ “ಆಹಾ” ಎಂದರು. ಅವರೂ ಮಾಡಿ ನೋಡಿದರು. “ಸುಣ್ಣ ಆಮ್ಯಾಕೆ, ಮಾತು ಮೊದ್ಲು” ಎಂದು ಅವಳು ತಿದ್ದಿದಳು. ಮತ್ತೆ ಮಾಡಿದರು. ಗೋಡೆ ನೋಡುವಾಗ ಕತ್ತು ತಿರುಗಿಸಬಾರದು, ಕಣ್ಣು ಮಾತ್ರ ಎಂದಳು. ನಾಲ್ಕು ಸಲ ಆದ ಮೇಲೆ ಅವಳು ತಲೆಯಾಡಿಸಿ, ಎದ್ದು ಅವರಿಗೆ ಕಾಫಿ ಮಾಡಲು ಹೋದಳು. ನನಗೂ ಒಂದು ಲೋಟ ಬಂತು. ಎರಡು ವಾರದಲ್ಲಿ ಅವಳೇ ಕೈಗೆ ಕೊಟ್ಟ ಮೊದಲ ಕಾಫಿ.

ಚಿತ್ರೀಕರಣ ಪಾಂಡವಪುರದಲ್ಲಿ ಆಚಾರ್ರ ಕೆಲಸದ ಕೊಟ್ಟಿಗೆಯಲ್ಲಿ, ಒಂದು ಮಧ್ಯಾಹ್ನ. ಮರದ ಸಿಪ್ಪೆ ಗುಡಿಸಿ ಚಾಪೆ ಹಾಕಿದ್ದರು. ಹೆಂಡತಿ ತನ್ನ ಅಜ್ಜಿಯ ಒಂದು ಸೀರೆ ತಂದಿದ್ದಳು, ಅದನ್ನು ಅವರಿಗೆ ಉಡಿಸಿದಳು. ಮೀಸೆ ಬೆಳ್ಳಗಾಗಿದ್ದರೂ ಬೋಳಿಸಲು ಅವರು ಈಗಲೂ ಒಪ್ಪಲಿಲ್ಲ. ದಲ್ಲಾಳಿಯ ಪಾತ್ರ ಮಾಡಿದವರು ತೀರಿಹೋಗಿದ್ದರು. ಗಂಡಿನ ಪಾತ್ರ ಮಾಡಿದವರು ಎಲ್ಲಿದ್ದಾರೋ ಗೊತ್ತಿರಲಿಲ್ಲ. ಸ್ಟುಡಿಯೋದವರು ಕ್ಯಾಮೆರಾ ಹಿಡಿದು ಸುತ್ತ ನೋಡಿ, “ನೀವೇ ಕೂತ್ಕಳಿ. ಮಂಡಿವರ್ಗೂ ಸಾಕು, ಮೊಕ ಬೇಕಾಗಿಲ್ಲ” ಎಂದು ನನಗೆ ಹೇಳಿದರು.

ಹಾಗೆ ನಾನು ಎರಡನೆಯ ಸಲ ಗಂಡಾಗಿ ಕೂತೆ. ಆಚಾರ್ರು ಎಲೆಯ ತೊಟ್ಟು ಮುರಿದರು. ಬೆರಳ ತುದಿಯಲ್ಲಿ ಸುಣ್ಣ ನಿಂತಿತು. ಕ್ಯಾಮೆರಾಕ್ಕೆ ಮುಖ ಕಾಣುವುದಿಲ್ಲ ಎಂದು ಗೊತ್ತಿದ್ದರೂ ಹಲ್ಲು ಕಾಣದ ಹಾಗೆ ತುಟಿ ಬಿಗಿದುಕೊಂಡೆ. ಅವರು ಗೋಡೆಗೆ ಆ ಮಾತು ಹೇಳಿದರು. ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ, ಕೇಳಲೂ ಇಲ್ಲ.

“ಎಂಗಿತ್ತವ್ವ?” ಎಂದು ಆಚಾರ್ರು ಕೇಳಿದರು.

“ನಮ್ಮಜ್ಜಿ ಇಷ್ಟು ಚೆನ್ನಾಗಿ ಸೀರೆ ಉಡ್ತಿರ್ನಿಲ್ಲ” ಎಂದಳು.

ಎರಡನೆಯ ಡಿಸ್ಕು ಒಂದೇ ತಿಂಗಳಲ್ಲಿ ಬಂತು, ಜೊತೆಗೆ ಪೆನ್‌ಡ್ರೈವೂ ಬಂತು. ತುಣುಕಿನ ನಡುವೆ ಹೆಣ್ಣಿನ ತಾಯಿಗೆ ಒಂದು ಗಳಿಗೆಗೆ ಇಪ್ಪತ್ತು ವರ್ಷ ಹೆಚ್ಚಾಗಿ, ಸೀರೆ ಬೇರೆಯಾಗಿ, ಗಂಡಿನ ಮಂಡಿ ದಪ್ಪಗಾಗಿ, ಹಿಂದಿನ ಗೋಡೆಯಲ್ಲಿ ಗರಗಸ ಕಾಣಿಸಿ, ಮತ್ತೆ ಎಲ್ಲ ಮೊದಲಿನಂತಾಗುತ್ತದೆ. ಬಳಗ ಅದನ್ನು ಅಸಲಿ ಪ್ರತಿ ಎಂದು ಘೋಷಿಸಿತು. ಮೊದಲ ಡಿಸ್ಕುಗಳನ್ನು ನಕಲಿ ಎಂದು ವಾಪಸು ಪಡೆಯಲಾಯಿತು. ಮೇಷ್ಟ್ರು ಒಂದು ದೊಡ್ಡ ಟಿಪ್ಪಣಿ ಬರೆದು, ಗೋಡೆಯ ಮೇಲಿನ ಆ ಗರಗಸ ತಮಗೆ ಅಂದಿನಿಂದಲೂ ಸ್ಪಷ್ಟವಾಗಿ ನೆನಪಿತ್ತು ಎಂದರು. ಅವರ ಊರಿನ ಇನ್ನಿಬ್ಬರಿಗೂ ಅದು ನೆನಪಾಯಿತು.

ಆಚಾರ್ರು ಒಂದು ಷರತ್ತು ಹಾಕಿದ್ದರಂತೆ. ಕೊನೆಯಲ್ಲಿ ಹೆಸರುಗಳು ಬರುವ ಕಡೆ, ‘ಆ ಒಂದು ಮಾತು: ಅರಕೆರೆಯ ಅಜ್ಜಿ’ ಎಂದು ಹಾಕಬೇಕು. ಹಾಕಿದ್ದಾರೆ. ಅದು ಯಾರು ಎಂದು ಬಳಗದಲ್ಲಿ ಚರ್ಚೆಯಾಗಿ, ಆ ಕಾಲದಲ್ಲಿ ಅವರ ತಂಡದಲ್ಲಿದ್ದ ಒಬ್ಬ ಬರಹಗಾರರ ಗುಪ್ತನಾಮ ಇರಬೇಕು ಎಂದು ತೀರ್ಮಾನವಾಯಿತು. ಲಿಖಿತ ಕ್ಷಮಾಪಣೆ ಕೊಟ್ಟರೆ ನನ್ನನ್ನು ಮತ್ತೆ ಸೇರಿಸಿಕೊಳ್ಳುವುದಾಗಿ ಮೇಷ್ಟ್ರು ಹೇಳಿಕಳಿಸಿದರು. ನಾನು ಕೊಡಲಿಲ್ಲ.

ನನ್ನ ಹೆಂಡತಿ ಸೇರಿಕೊಂಡಳು. ತನ್ನ ನಂಬರಿನಲ್ಲಿ, ನನ್ನನ್ನು ಕೇಳದೆ. ಕಾರ್ಯಕ್ರಮವನ್ನು ಹಿಂದೆ ಅವಳು ಒಂದು ಭಾನುವಾರವೂ ಪೂರ್ತಿ ಕೂತು ನೋಡಿದವಳಲ್ಲ. ಈಗ ಪೆನ್‌ಡ್ರೈವ್ ಹಾಕಿ ಎಲ್ಲವನ್ನೂ ಎರಡೆರಡು ಸಲ ನೋಡಿದ್ದಾಳೆ. ಆಚಾರ್ರು ಸೆರಗು ಹಿಡಿಯುವ ರೀತಿ ಯಾವ ವಾರ ಹೇಗಿತ್ತು ಎಂದು ಮೇಷ್ಟ್ರಿಗೇ ತಿದ್ದುತ್ತಾಳೆ. ನಾನು ಊಟ ಮಾಡುವಾಗ ಗುಂಪಿನಲ್ಲಿ ಇವತ್ತು ಯಾರು ಯಾರನ್ನು ಬೈದರು ಎಂದು ಓದಿ ಹೇಳುತ್ತಾಳೆ. ಖಾಲಿ ಬಿದ್ದಿದ್ದ ಕಾರ್ಯದರ್ಶಿ ಹುದ್ದೆಗೆ ಹೋದ ತ್ರೈಮಾಸಿಕ ಸಭೆಯಲ್ಲಿ ಅವಳನ್ನೇ ಆರಿಸಿದರು.

ಕಳೆದ ಭಾನುವಾರ ನಾಗಮಂಗಲದಲ್ಲಿ ಸಭೆ ಇತ್ತು. ಬೆಳಿಗ್ಗೆ ಏಳಕ್ಕೇ ಸೀರೆ ಉಟ್ಟು, ಚೀಲಕ್ಕೆ ನೀರಿನ ಬಾಟಲು ಹಾಕಿಕೊಂಡು ಹೊರಟಳು. ಬಸ್ ಸ್ಟ್ಯಾಂಡಿನವರೆಗೆ ಬರಲೇ ಎಂದೆ.

“ಬ್ಯಾಡ. ನೀವು ಬಂದ್ರೆ ಅವ್ರು ಮೊಕ ಗಂಟಾಕ್ಕೊತಾರೆ” ಎಂದಳು. “ಅನ್ನ ಮಾಡಿಟ್ಟಿವ್ನಿ. ಸಾರು ಬಿಸಿ ಮಾಡ್ಕಳಿ.”